ಜೊತೆಗೆ ನಡೆದುದರ ಋಣ

ಕೆಲವು ವರ್ಷಗಳ ಹಿಂದಿನ ಮಾತು. ಮಾರ್ಗಶಿರ ಮಾಸದ ಒಂದು ಮುಂಜಾವಿನಲ್ಲಿ ನಾವು ನಾಲ್ವರು ನಿವೃತ್ತರು ಮಿರಜಿನಿಂದ ನರಸೋಬಾ ವಾಡಿಗೆ ನಡೆದೇ ಹೋಗಬೇಕೆಂದು ಹೊರಟೆವು. 15 ಕಿ.ಮೀ.ಗೂ ಮಿಕ್ಕ ದಾರಿ. ತಲೆಗೆ ಮಫ್ಲರು, ಕೈಯಲ್ಲಿ ಕೋಲು, ಚೀಲದಲ್ಲಿ ರೊಟ್ಟಿ ಮತ್ತು ಶೇಂಗಾ ಚಟ್ನಿ. ನಮ್ಮ ಓಣಿಯ ಎರಡು ಬೀದಿನಾಯಿಗಳೂ ಹಿಂದೆ ಬಂದವು. ಕೃಷ್ಣಾ ಘಾಟಿನವರೆಗೆ ಬಂದು ಒಂದು ಹಿಂದಿರುಗಿತು. ಇನ್ನೊಂದು, ಕೆಂಚು ಬಣ್ಣದ್ದು, ಸೇತುವೆ ದಾಟಿತು.

ಆ ಬೆಳಗಿನ ಸೊಗಸನ್ನು ಈಗಲೂ ಮರೆತಿಲ್ಲ. ಹೊಳೆಯ ಮೇಲೆ ಮಂಜು ನಿಂತಿತ್ತು. ಅರ್ಜುನವಾಡದ ಆಚೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಸಾಲಾಗಿ ಕಾರ್ಖಾನೆಯ ಕಡೆಗೆ ಸಾಗಿದ್ದವು. ನಾಯಿ ಮುಂದೆ ಓಡುವುದು, ಬದುವಿನಲ್ಲಿ ಮೂಸುವುದು, ನಾವು ಹಿಂದುಳಿದರೆ ನಿಂತು ಕಾಯುವುದು. ಎಪ್ಪತ್ತು ದಾಟಿದ ನಮ್ಮ ಮೊಣಕಾಲುಗಳಿಗೆ ಅದರ ಓಟವೇ ಹುರುಪು ತುಂಬಿತೆಂದರೆ ಅತಿಶಯೋಕ್ತಿಯಲ್ಲ. ಊರು ಬಂದಾಗಲೆಲ್ಲ ಅಲ್ಲಿನ ನಾಯಿಗಳು ಗುಂಪಾಗಿ ಮೇಲೆರಗಲು ಬರುತ್ತಿದ್ದವು. ಅದು ನಮ್ಮ ಕಾಲುಗಳ ನಡುವೆ ಸೇರಿಕೊಳ್ಳುತ್ತಿತ್ತು. ನಾವು ಕೋಲೆತ್ತಿ ಬೆದರಿಸುತ್ತಿದ್ದೆವು. ಮಧ್ಯೆ ಬುತ್ತಿ ಬಿಚ್ಚಿದಾಗ ನಾನೇ ಅರ್ಧ ರೊಟ್ಟಿ ಹಾಕಿದೆ.

ವಾಡಿಯಲ್ಲಿ ಪಾದುಕೆಗಳ ದರ್ಶನವಾಯಿತು. ಕೃಷ್ಣಾ ಪಂಚಗಂಗೆಯರ ಸಂಗಮದಲ್ಲಿ ಕಾಲು ತೊಳೆದೆವು. ಅಂಗಡಿಯೊಂದರಲ್ಲಿ ತೂಗುಹಾಕಿದ್ದ ದತ್ತಾತ್ರೇಯನ ಪಟಕ್ಕೂ ಕೈಮುಗಿದೆವು. ಪಟದಲ್ಲಿ ದೇವರ ಕಾಲ ಬಳಿ ನಾಲ್ಕು ನಾಯಿಗಳಿರುತ್ತವೆ. ಅವು ನಾಲ್ಕು ವೇದಗಳೆಂದು ಹಿರಿಯರು ಹೇಳುತ್ತಾರೆ. ಅನಂತರ ಬಸ್ಸು ಬಂತು. ನಾಯಿಯನ್ನು ಹತ್ತಿಸುವಂತಿಲ್ಲವೆಂದು ಕಂಡಕ್ಟರು ಹೇಳಿದ. ಅವನ ತಪ್ಪೇನೂ ಇಲ್ಲ. ಬಸ್ಸು ತುಂಬಿತ್ತು, ನಮಗೆ ದಣಿವಾಗಿತ್ತು. ನಾನು ಮೆಟ್ಟಿಲ ಮೇಲೆ ತಡೆದು ನಿಂತಾಗ ಮಿತ್ರರೊಬ್ಬರು, "ಹತ್ತರಿ ಮಾಸ್ತರ, ಅದಕ್ಕ ದಾರಿ ಗೊತ್ತದ. ಬಂದ ಹಾಂಗ ಹೋಗ್ತದ" ಎಂದರು. ನಾನು ಹತ್ತಿದೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಧರ್ಮರಾಯನ ಕಥೆ ಹೇಳಿದವನು ನಾನು. ಅದು ಮಹಾಭಾರತದ ಹದಿನೇಳನೆಯ ಪರ್ವದ ಪ್ರಸಂಗ. ಕುಮಾರವ್ಯಾಸ ಗದಾಪರ್ವಕ್ಕೇ ನಿಲ್ಲಿಸಿದ್ದರಿಂದ ನಮ್ಮ ಗಮಕದ ಮನೆಗಳಲ್ಲಿ ಇದು ಅಷ್ಟಾಗಿ ಕೇಳಿಬರುವುದಿಲ್ಲ. ಮುಂದಿನ ಪರ್ವಗಳನ್ನು ಹಾಡಿದವನು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿ. ಇಂದ್ರ ರಥ ತಂದು ನಿಲ್ಲಿಸಿದ್ದಾನೆ, ನಾಯಿಗೆ ಅದರಲ್ಲಿ ಎಡೆಯಿಲ್ಲ. ನಂಬಿ ಬಂದುದನ್ನು ಬಿಟ್ಟು ತನಗೆ ಸ್ವರ್ಗ ಬೇಡವೆನ್ನುತ್ತಾನೆ ಯುಧಿಷ್ಠಿರ. ಅವನು ಬಿಡಲೊಲ್ಲದ್ದು ಸ್ವರ್ಗದ ರಥಕ್ಕಾಗಿಯೂ. ನಾನು ಬಿಟ್ಟದ್ದು ಬಸ್ಸಿನ ಒಂದು ಆಸನಕ್ಕಾಗಿ.

ಅಂದು ಬಸ್ಸಿನಲ್ಲಿಯೇ ವಾದ ನಡೆಯಿತು. ನಾವು ಅದನ್ನು ಕರೆದಿರಲಿಲ್ಲ, ಸಾಕಿರಲಿಲ್ಲ. ತಾನಾಗಿ ಬಂದದ್ದರ ಹೊಣೆ ನಮ್ಮದು ಹೇಗೆ ಎಂದರು ಮಿತ್ರರು. ತುತ್ತು ಹಾಕಿದ ಮಾತ್ರಕ್ಕೆ ಹೊಣೆ ಬರುವುದಾದರೆ ನಾಳೆ ಯಾರೂ ತುತ್ತು ಹಾಕಲಾರರು ಎಂದೂ ಸೇರಿಸಿದರು. ಇದು ತಳ್ಳಿಹಾಕುವ ಮಾತಲ್ಲ. ಉಪಕಾರ ಮಾಡಿದ ನಾಯಿಯ ಋಣವನ್ನು ಕನ್ನಡ ನಾಡು ಕಲ್ಲಿನಲ್ಲಿ ಬರೆದಿಟ್ಟಿದೆ. ಕ್ರಿ.ಶ. 949–50ರ ಆತಕೂರಿನ ಶಾಸನ ಅದಕ್ಕೆ ಸಾಕ್ಷಿ. ಗಂಗರ ಬೂತುಗ ಮೆಚ್ಚಿ ಏನು ಬೇಕೆಂದಾಗ ಮಣಲೆರ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಿ ಮಡಿಯಿತು. ಅದಕ್ಕೆ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆ ಭೂಮಿಯೂ ದಾನವಾಯಿತು. ನಮ್ಮ ಕೆಂಚು ನಾಯಿ ಯಾವ ಹಂದಿಯನ್ನೂ ಕೊಂದಿರಲಿಲ್ಲ. ಆದರೆ ಧರ್ಮರಾಯನ ನಾಯಿ ತಾನೆ ಏನು ಮಾಡಿತ್ತು? ಜೊತೆಗೆ ನಡೆದಿತ್ತು, ಅಷ್ಟೇ. ಆ ನಡಿಗೆಯನ್ನು ಅವನು ಸ್ವೀಕರಿಸಿದ್ದ. ನಾವೂ ಸ್ವೀಕರಿಸಿದ್ದೆವು, ನಮ್ಮ ದಿನದ ಸಂತೋಷದಲ್ಲಿ ಅದರ ಪಾಲೂ ಇತ್ತು. ಅಲ್ಲದೆ, ಬರುವಾಗ ಅದಕ್ಕೆ ನಮ್ಮ ನಾಲ್ಕು ಕೋಲುಗಳ ಕಾವಲಿತ್ತು. ಹಿಂದಿರುಗುವಾಗ ಅದೇ ಊರುಗಳನ್ನು ಅದು ಒಂಟಿಯಾಗಿ ದಾಟಬೇಕಿತ್ತು. ಸಂತಾನ ನಿಯಂತ್ರಣಕ್ಕೆ ಹಿಡಿದೊಯ್ದ ಬೀದಿನಾಯಿಯನ್ನು ಹಿಡಿದ ಜಾಗದಲ್ಲಿಯೇ ಬಿಡಬೇಕೆಂದು 2023ರ ಸರಕಾರಿ ನಿಯಮವೂ ಹೇಳುತ್ತದೆ. ನಾಯಿಗೆ ತನ್ನ ನೆಲ ಯಾವುದೆಂಬುದನ್ನು ಕಾನೂನು ಬಲ್ಲದು. ಮುಖ್ಯಾಧ್ಯಾಪಕನಾಗಿದ್ದವನಿಗೆ ಅದು ಬಸ್ಸು ಹೊರಟ ಮೇಲೆ ಹೊಳೆಯಿತು.

ಮರುದಿನ ರಿಕ್ಷಾ ಮಾಡಿಕೊಂಡು ವಾಡಿಗೆ ಹೋದೆ. ಪೇಢೆ ಅಂಗಡಿಯವನು, "ಇಲ್ಲಿ ನಾಯಿಗಳಿಗೇನು ಬರವೇ ಗುರುಗಳೆ?" ಎಂದು ನಕ್ಕ. ಐದನೆಯ ದಿನ ಅದು ತಾನಾಗಿಯೇ ಓಣಿಗೆ ಬಂತು. ಒಂದು ಕಿವಿ ಹರಿದಿತ್ತು, ಹಿಂಗಾಲು ಊರುತ್ತಿರಲಿಲ್ಲ. ನನ್ನನ್ನು ಕಂಡು ಬಾಲವಾಡಿಸಿತು. "ನೋಡ್ರಿ, ನಾ ಹೇಳಿರಲಿಲ್ಲೇನು?" ಎಂದರು ಮಿತ್ರರು. ನನಗೆ ಸಮ್ಮತವಾಗಲಿಲ್ಲ. ಅದು ಬದುಕಿ ಬಂದದ್ದು ಅದರ ಸಾಹಸ. ಅದರಿಂದ ನಾನು ಮೆಟ್ಟಿಲು ಹತ್ತಿದ್ದು ಸರಿಯಾಗುವುದಿಲ್ಲ. ಅಪ್ಪಿತಪ್ಪಿ ಬಾರದೆ ಹೋಗಿದ್ದರೂ ನನ್ನ ತಪ್ಪು ಅಷ್ಟೇ ಇರುತ್ತಿತ್ತು, ಹೆಚ್ಚಾಗುತ್ತಿರಲಿಲ್ಲ. ದುಃಖ ಮಾತ್ರ ಹೆಚ್ಚಾಗುತ್ತಿತ್ತು.

ಮುಂದಿನ ಮಾರ್ಗಶಿರದಲ್ಲಿ ಮತ್ತೆ ಹೊರಟೆವು. ಈ ಸಲ ಹಿಂದಿರುಗಲು ಪರಿಚಯದ ಟೆಂಪೋದವನಿಗೆ ಮೊದಲೇ ಹೇಳಿ ಇಟ್ಟಿದ್ದೆ. ನಾಯಿ ಎಂದಿನಂತೆ ಘಾಟಿನವರೆಗೆ ಬಂತು. ಸೇತುವೆಯ ಬಳಿ ನಿಂತಿತು. ನಾನು ರೊಟ್ಟಿ ತೋರಿಸಿ ಕರೆದೆ. ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, ತಿರುಗಿ ಮಿರಜಿನ ದಾರಿ ಹಿಡಿಯಿತು.