ಕೌಂಟರಿನ ಆಚೆ ನಿಂತವಳು

ಭಾನುವಾರ ಸಂಜೆ ಬಲಿಪೂಜೆ ಮುಗಿಸಿ ಬರುವಾಗ ಬಿ.ಪಿ. ಮಾತ್ರೆಗೆಂದು ಜಯನಗರದ ಯಾವುದೋ ದೊಡ್ಡ ಔಷಧಿ ಅಂಗಡಿಗೆ ಹೋಗುತ್ತೀರಿ. ಊರೆಲ್ಲಾ ಶಾಖೆಗಳಿರುವ ಅಂಗಡಿ. ಚೀಟಿ ನೋಡಿ ಮಾತ್ರೆ ಎತ್ತಿಕೊಡುವ ಹುಡುಗಿ ಎಷ್ಟು ಹೊತ್ತಿನಿಂದ ನಿಂತಿದ್ದಾಳೆಂದು ಕೇಳಿದ್ದೀರಾ?

ನಾನೊಮ್ಮೆ ಕೇಳಿದೆ. "ಕೂತರೆ ಗಿರಾಕಿಗಳಿಗೆ ಸೋಮಾರಿಗಳ ಹಾಗೆ ಕಾಣ್ತೀವಂತೆ ಆಂಟಿ" ಎಂದು ನಕ್ಕಳು. ಗಿರಾಕಿ ಎಂದರೆ ನಾನೇ ತಾನೆ! ಒಂದು ಸ್ಟೂಲಿಗೆ ಎಷ್ಟು ಮಹಾ ಖರ್ಚು? ಅದನ್ನು ಅಲ್ಲಿಂದ ದೂರವಿಟ್ಟಿರುವುದು ಮಾಲೀಕರ ಜಿಪುಣತನವಲ್ಲ, ನಮ್ಮ ಕಣ್ಣು.

ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಹೋರಾಡಿದ ಮೇಲೆ, 2018ರಲ್ಲಿ ಕೂರುವ ಹಕ್ಕು ಕಾನೂನಿಗೆ ಸೇರಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು. ನಮ್ಮಲ್ಲಿ 1961ರ ಅಂಗಡಿಗಳ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆ ಎಂದು ದುಡಿಮೆಗೆ ಮಿತಿ ಹಾಕಿತು. ಮನಸ್ಸು ಮಂಕಾಗುವಷ್ಟು ದುಡಿಸುವುದು ಅನ್ಯಾಯವೆಂದು ಪೋಪ್ ಹದಿಮೂರನೆಯ ಲಿಯೋ 1891ರಲ್ಲೇ ಬರೆದಿದ್ದರು.

ಔಷಧಿ ಅಂಗಡಿಯಲ್ಲಂತೂ ಆ ಮಂಕು ಬಲು ಅಪಾಯದ್ದು. ಒಂದೆರಡು ಅಕ್ಷರ ಮಾತ್ರ ಬೇರೆಯಿರುವ ಹೆಸರುಗಳಿವೆ, ಒಂದೇ ಮಾತ್ರೆಗೆ ಎರಡು ಮೂರು ಪ್ರಮಾಣಗಳಿವೆ. ದಣಿದ ಕಣ್ಣು ತಪ್ಪಿದರೆ ಅವಳ ತಪ್ಪೆನ್ನುವುದು ಸುಲಭ. ರಾತ್ರಿ ಹನ್ನೊಂದಕ್ಕೂ ಬಾಗಿಲು ತೆರೆದಿರಲಿ ಎಂದು ಬಯಸಿದ ನಮ್ಮ ಪಾಲೆಷ್ಟು? ಜ್ವರದ ಮಗುವಿಗೆ ಅದು ಬೇಕೇ ಬೇಕು, ನಿಜ; ಅದಕ್ಕೆ ಇನ್ನೊಂದು ಪಾಳಿಗೆ ಇನ್ನೊಬ್ಬರನ್ನು ಇಡಬಹುದಲ್ಲ. ಶ್ಯಾಂಪೂ ಬಾಟಲಿಗೂ ಆ ಹೊತ್ತೇ ಬೇಕೇ?

ಮೊನ್ನೆ ಅವಳು ಎರಡು ಪಟ್ಟಿಗಳನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಓದುತ್ತಿದ್ದಳು. ನನ್ನ ಹಿಂದಿದ್ದವರು ನಾಣ್ಯದಿಂದ ಗಾಜು ಕುಟ್ಟಿದರು. ತಿರುಗಿ ನೋಡಿದರೆ ನಮ್ಮ ಧರ್ಮಕೇಂದ್ರದವರೇ. ನನ್ನನ್ನು ಕಂಡು ನಾಣ್ಯ ಜೇಬಿಗಿಟ್ಟುಕೊಂಡರು.