ಎಚ್ಚರ ಯಾರ ಕೆಲಸ?

ಹಸುಗೂಸನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಬಹುದಾ? ನಮ್ಮ ಕಡೆ ಇದು ಪ್ರಶ್ನೆಯೇ ಅಲ್ಲ. 'ಮತ್ತೆಲ್ಲಿ ಮಲಗಿಸ್ತಾರೆ?' ಅಂತ ಅಜ್ಜಿಯರು ನಗುತ್ತಾರೆ. ಹಗಲು ತೊಟ್ಟಿಲು, ರಾತ್ರಿ ಅಮ್ಮನ ಮಗ್ಗುಲು. ಇದನ್ನೇ ಅಮೆರಿಕದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಕೇಳಿದರೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ: ಬೇಡ.

ಈ ಎರಡು ಉತ್ತರಗಳು ಒಂದೇ ಮನೆಯಲ್ಲಿ ಡಿಕ್ಕಿ ಹೊಡೆದಿದ್ದನ್ನು ನಾನು ನೋಡಿದ್ದೇನೆ. ಅಕ್ಕ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೋಗಿದ್ದಳು. ಮಗಳು 'ಕ್ರಿಬ್‌ನಲ್ಲೇ ಮಲಗಿಸಬೇಕು' ಅಂದರೆ, ಅಕ್ಕ 'ನಿನ್ನನ್ನೇನು ಪಂಜರದಲ್ಲಿ ಮಲಗಿಸಿ ಬೆಳೆಸಿದ್ನಾ?' ಅಂದಳು. ಆಮೇಲೆ ಒಬ್ಬರಿಗೆ ಗೊತ್ತಾಗದ ಹಾಗೆ ಇನ್ನೊಬ್ಬರು ನನಗೆ ಫೋನ್ ಮಾಡಿದರು. 'ಚಿಕ್ಕಮ್ಮ, ನೀವಾದ್ರೂ ಅಮ್ಮನಿಗೆ ಹೇಳಿ' ಅಂತ ಅವಳು, 'ನಿನ್ನ ಮಾತಾದ್ರೂ ಕೇಳ್ತಾಳೇನೋ, ನೀನೇ ಹೇಳೇ' ಅಂತ ಅಕ್ಕ.

ಮೊದಲು ಡಾಕ್ಟರ ಮಾತು ನೋಡೋಣ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2022ರಲ್ಲಿ ಹೇಳಿದ್ದು ಇಷ್ಟು: ಕಡಿಮೆಯೆಂದರೂ ಮೊದಲ ಆರು ತಿಂಗಳು ಮಗು ಅಪ್ಪ ಅಮ್ಮನ ಕೋಣೆಯಲ್ಲೇ ಮಲಗಲಿ, ಆದರೆ ಬೇರೆ ಹಾಸಿಗೆಯಲ್ಲಿ, ಅಂಗಾತ. ಇದನ್ನು ಕರುಳಿಲ್ಲದವರ ಮಾತು ಅನ್ನೋಕಾಗಲ್ಲ. ಮಕ್ಕಳನ್ನು ಅಂಗಾತ ಮಲಗಿಸಿ ಅಂತ ಅಲ್ಲಿ 1994ರಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಕಾರಣವೇ ಗೊತ್ತಾಗದೆ ನಿದ್ದೆಯಲ್ಲಿ ಕೂಸುಗಳು ಸಾಯುವ ಪ್ರಮಾಣ ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಯಾವ ತಾಯಿಯ ಕರುಳಿಗೂ ತಾನಾಗಿ ಹೊಳೆಯುವ ವಿಷಯವಲ್ಲ ಅದು. ಲೆಕ್ಕ ಇಟ್ಟವರಿಗೆ ಗೊತ್ತಾಯಿತು.

ಇನ್ನು ಅಕ್ಕನ ವಾದ. 'ನಾವೆಲ್ಲ ಹೀಗೇ ಬೆಳೆದವರಲ್ವಾ?' ಈ ಮಾತು ಹೇಳೋಕೆ ಬದುಕಿ ಉಳಿದವರಿಗೆ ಮಾತ್ರ ಸಾಧ್ಯ. ಭಯವೇನೂ ಹೊಸದಲ್ಲ. ಬೈಬಲ್ಲಿನ ಸೊಲೊಮೋನನ ನ್ಯಾಯದ ಕತೆ ಶುರುವಾಗೋದೇ ತಾಯಿಯೊಬ್ಬಳು ನಿದ್ದೆಯಲ್ಲಿ ಮೇಲೆ ಮಲಗಿ ಮಗು ತೀರಿಹೋಗುವುದರಿಂದ. ಅದೂ ಅಲ್ಲದೆ ಅಕ್ಕನ ನೆನಪಿನ ಹಾಸಿಗೆಯೇ ಬೇರೆ. ನೆಲದ ಮೇಲೆ ಚಾಪೆ, ಅದರ ಮೇಲೊಂದು ತೆಳು ಹಾಸು, ಅದೇ ಕೋಣೆಯಲ್ಲಿ ಅರೆನಿದ್ದೆಯ ಅಜ್ಜಿ. ಈಗಿನದು ಮೆತ್ತನೆ ಸ್ಪ್ರಿಂಗ್ ಹಾಸಿಗೆ, ನಾಲ್ಕು ದಿಂಬು, ಎಸಿಗೆ ಅಂತ ದಪ್ಪ ರಜಾಯಿ. ಮಗ್ಗುಲಲ್ಲಿ ಮಲಗಿಸುವ ರೂಢಿಯನ್ನು ಉಳಿಸಿಕೊಂಡು, ಅದರ ಸುತ್ತ ಇದ್ದದ್ದನ್ನೆಲ್ಲ ಬದಲಾಯಿಸಿಬಿಟ್ಟಿದ್ದೇವೆ. ಹಳೆಯದೆಲ್ಲ ಒಳ್ಳೆಯದೇ ಅಂತಲೂ ಅಲ್ಲ. ಮುಚ್ಚಿದ ಕೋಣೆ, ಕುಲಾವಿ, ಬಿಗಿಯಾಗಿ ಸುತ್ತಿದ ಬಟ್ಟೆ, ಪಕ್ಕದಲ್ಲಿ ಕೆಂಡ: ಇದೆಲ್ಲ ಸೇರಿದರೆ ಕೂಸಿಗೆ ಸೆಖೆ ವಿಪರೀತವಾಗುತ್ತೆ, ಅದೂ ಅಪಾಯವೇ.

ಹಾಗಂತ 'ಬೇಡ' ಅಂದುಬಿಟ್ಟರೆ ಮುಗಿಯಿತಾ? ರಾತ್ರಿ ಮೂರು ಗಂಟೆಗೆ ಮೂರನೇ ಸಲ ಹಾಲು ಕೊಡುವ ತಾಯಿಯನ್ನು ನೆನೆಸಿಕೊಳ್ಳಿ. ಹಾಸಿಗೆಯಲ್ಲಿ ಕೊಟ್ಟರೆ ನಿದ್ದೆ ಬಂದೀತೆಂದು ಹೆದರಿ ಸೋಫಾಕ್ಕೆ ಹೋಗಿ ಕೂರುತ್ತಾಳೆ. ಅಲ್ಲೇ ಕಣ್ಣು ಎಳೆಯುತ್ತೆ. ಸೋಫಾದ ಮೇಲೆ ಮಗುವಿನ ಜೊತೆ ನಿದ್ದೆ ಹೋಗುವುದು ಹಾಸಿಗೆಗಿಂತ ಎಷ್ಟೋ ಹೆಚ್ಚು ಅಪಾಯ. ಹಾಲೂಡಿಸುವಾಗ ನಿದ್ದೆ ಬರಬಹುದು ಅನ್ನಿಸಿದರೆ ಸೋಫಾಕ್ಕಿಂತ, ದಿಂಬು ಹೊದಿಕೆ ತೆಗೆದಿಟ್ಟ ಹಾಸಿಗೆಯೇ ವಾಸಿ ಅಂತ ಅದೇ ಅಕಾಡೆಮಿ ಹೇಳಿದೆ. ಆದರೆ ಮನೆಮನೆಗೆ ತಲುಪೋದು 'ಬೇಡ' ಅನ್ನೋದು ಮಾತ್ರ. 2011ರಲ್ಲಿ ಮಿಲ್ವಾಕಿ ನಗರದ ಆರೋಗ್ಯ ಇಲಾಖೆ, ದೊಡ್ಡವರ ಹಾಸಿಗೆಯಲ್ಲಿ ಮಲಗಿದ ಕೂಸಿನ ಪಕ್ಕ ಮಚ್ಚಿನಂಥ ಚಾಕು ಇಟ್ಟ ಪೋಸ್ಟರ್ ಹಾಕಿತು. ಉದ್ದೇಶ ಒಳ್ಳೆಯದೇ. ಆದರೆ ಅದನ್ನು ನೋಡಿದ ತಾಯಿ ಮಗುವನ್ನು ದೂರ ಮಲಗಿಸ್ತಾಳೋ ಇಲ್ಲವೋ, ಡಾಕ್ಟರ ಹತ್ತಿರ ನಿಜ ಹೇಳೋದನ್ನಂತೂ ನಿಲ್ಲಿಸ್ತಾಳೆ ಅಂತ ನನ್ನ ಅನುಮಾನ.

ಬ್ರಿಟನ್ನಿನ ಲಲಬೈ ಟ್ರಸ್ಟ್ ದಾರಿ ಬೇರೆ. ಯಾವಾಗ ಖಂಡಿತ ಕೂಡದು, ಮಲಗಿಸಿಕೊಂಡರೆ ಹೇಗೆ ಅಂತ ಎರಡನ್ನೂ ಅವರು ಹೇಳುತ್ತಾರೆ. ಅಪ್ಪ ಅಮ್ಮ ಇಬ್ಬರಲ್ಲಿ ಯಾರೇ ಸಿಗರೇಟು ಸೇದುವವರಾದರೂ, ಕುಡಿದಿದ್ದರೂ, ಮಂಪರು ಬರಿಸುವ ಔಷಧಿ ತೆಗೆದುಕೊಂಡಿದ್ದರೂ ಕೂಡದು. ಮಗು 37 ವಾರಕ್ಕೆ ಮೊದಲೇ ಹುಟ್ಟಿದ್ದರೆ ಅಥವಾ ಹುಟ್ಟುವಾಗ ಎರಡೂವರೆ ಕೆಜಿಗಿಂತ ಕಡಿಮೆ ಇದ್ದರೆ ಕೂಡದು. ಸೋಫಾ ಯಾವತ್ತೂ ಕೂಡದು. ಉಳಿದಂತೆ ಗಟ್ಟಿ, ಸಮತಟ್ಟಾದ ಹಾಸಿಗೆ, ಅಂಗಾತ ಮಲಗಿದ ಮಗು, ಅದರ ಹತ್ತಿರ ದಿಂಬು ರಜಾಯಿ ಇಲ್ಲ, ಗೋಡೆಗೂ ಮಂಚಕ್ಕೂ ನಡುವೆ ಸಂದಿಲ್ಲ, ಪಕ್ಕದಲ್ಲಿ ದೊಡ್ಡ ಮಗುವೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಕೈಗೆಟುಕುವಷ್ಟು ಹತ್ತಿರ, ಆದರೆ ಬೇರೆ ಹಾಸಿಗೆ: ಅದೇ ಎಲ್ಲಕ್ಕಿಂತ ಸುರಕ್ಷಿತ. ಅದರಲ್ಲೂ ಮೊದಲ ನಾಲ್ಕು ತಿಂಗಳು. ಆದರೆ ಇಷ್ಟು ಗೊತ್ತಿದ್ದೂ ಯಾವುದೋ ಒಂದು ರಾತ್ರಿ ತಾಯಿಗೆ ನಿದ್ದೆ ಬಂದೇ ಬರುತ್ತೆ. ಆ ರಾತ್ರಿಯ ಬಗ್ಗೆಯೂ ಅವಳಿಗೆ ಹೇಳಿಕೊಡದ ಉಪದೇಶ ಪ್ರಾಮಾಣಿಕವಲ್ಲ.

ಕನ್ನಡದಲ್ಲಿ ಎಚ್ಚರ ಅನ್ನೋ ಪದಕ್ಕೆ ಎರಡರ್ಥ. ನಿದ್ದೆ ಮಾಡದೆ ಇರೋದೂ ಎಚ್ಚರ, ಜೋಪಾನವಾಗಿರೋದೂ ಎಚ್ಚರ. 'ಎಚ್ಚರವಾಗಿರಮ್ಮ' ಅನ್ನುವಾಗ ನಾವು ಬಾಣಂತಿಯ ಮೇಲೆ ಎರಡನ್ನೂ ಹೊರಿಸಿಬಿಡುತ್ತೇವೆ. ವಾರಗಟ್ಟಲೆ ನಿದ್ದೆಗೆಟ್ಟವಳಿಗೆ ಮೊದಲನೆಯದು ಸಾಧ್ಯವೇ ಇಲ್ಲ. ಎರಡನೆಯದನ್ನು ಅವಳು ಮಲಗುವ ಮುಂಚೆಯೇ ಮಾಡಿಡಬಹುದು, ಅದನ್ನು ಅವಳೇ ಮಾಡಬೇಕೆಂದೂ ಇಲ್ಲ. ದಿಂಬು ಎತ್ತಿಡೋಕೆ ಗಂಡನಿಗೆ ಕೈ ಇಲ್ವಾ? ಪಾರ್ಟಿಯಲ್ಲಿ ಕುಡಿದು ಬಂದವನು ಆಚೆ ಕೋಣೆಯಲ್ಲಿ ಮಲಗೋಕಾಗಲ್ವಾ? ಹಾಲು ಕುಡಿದ ಕೂಸಿಗೆ ತೇಗು ಬರಿಸಿ ತೊಟ್ಟಿಲಿಗೆ ಹಾಕೋಕೆ ಅಜ್ಜಿಯೋ ಅಜ್ಜನೋ ಒಂದು ಹೊತ್ತು ಏಳಬಾರದಾ?

ಮಗುವಿಗೆ ಏನಾದರೂ ಆದಾಗ 'ಅಮ್ಮ ಏನು ಮಾಡ್ತಿದ್ಲು?' ಅಂತ ಊರೇ ಕೇಳುತ್ತೆ. ಉಳಿದವರು ಏನು ಮಾಡ್ತಿದ್ರು ಅಂತ ಯಾರೂ ಕೇಳಲ್ಲ. ಅವರೂ ಮಲಗಿದ್ದರು, ಮೊದಲ ದಿನದಿಂದಲೂ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ, ಮಗು ಎಲ್ಲಿ ಮಲಗುತ್ತೆ ಅಂತ ವಿಚಾರಿಸುವ ಮುಂಚೆ, ನೀನು ನಿನ್ನೆ ಎಷ್ಟು ಹೊತ್ತು ಮಲಗಿದೆ ಅಂತ ಅವಳನ್ನು ಕೇಳಿ.