ಅರಿಯದ ಅಪರಾಧಕ್ಕೆ ಹೊಣೆ ಯಾರು?

ಕೃತ, ಕಾರಿತ, ಅನುಮೋದಿತವೆಂದು ದೋಷದ ಹೊಣೆಯನ್ನು ಮೂರು ಬಗೆಯಾಗಿ ಎಣಿಸುವುದುಂಟು. ತಾನು ಮಾಡದ, ಮಾಡಿಸದ, ಒಪ್ಪದ ಕೃತ್ಯಕ್ಕೂ ಒಬ್ಬನು ಮನೆ ಕಳೆದುಕೊಳ್ಳಬೇಕೆ? ಅಮೆರಿಕದ ಸರಕಾರಿ ವಸತಿಗೃಹಗಳಲ್ಲಿ ಈ ಪ್ರಶ್ನೆಯನ್ನೆಬ್ಬಿಸಿದ್ದು 1988ರ ಮಾದಕದ್ರವ್ಯ ವಿರೋಧಿ ಕಾನೂನು. ಮನೆಯವರಾಗಲಿ ಅತಿಥಿಯಾಗಲಿ ಅಂತಹ ಅಪರಾಧವೆಸಗಿದರೆ ಬಾಡಿಗೆದಾರನನ್ನು ಹೊರಹಾಕಬಹುದೆಂದು ಅದು ವಿಧಿಸಿತು.

ಕಾರಣವಿಲ್ಲದೆ ಅಲ್ಲ. ಷಿಕಾಗೋದ ರಾಬರ್ಟ್ ಟೇಲರ್ ಹೋಮ್ಸ್‌ನಲ್ಲಿ 16 ಅಂತಸ್ತಿನ 28 ಕಟ್ಟಡಗಳಿದ್ದವು (ಈಗ ಒಂದೂ ಉಳಿದಿಲ್ಲ). 1980ರ ದಶಕದ ಕೊನೆಗೆ ಅವುಗಳ ಮೆಟ್ಟಿಲುಗಳಲ್ಲೇ ಪುಂಡರ ತಂಡಗಳು ಕ್ರ್ಯಾಕ್ ಕೊಕೇನ್ ಮಾರುತ್ತಿದ್ದಾಗ, ಅದೇ ಮೆಟ್ಟಿಲಿಳಿದು ಮಕ್ಕಳನ್ನು ಶಾಲೆಗೊಯ್ಯುವ ತಾಯಂದಿರಿಗೆ ರಕ್ಷಣೆ ಬೇಡವೆ?

ಆದರೆ ಓಕ್ಲೆಂಡ್ ನಗರದ ವೃದ್ಧೆಯೊಬ್ಬರ ಮಗಳು ಮನೆಯಿಂದ ಮೂರು ಬೀದಿಯಾಚೆ ಕೊಕೇನ್ ಸಹಿತ ಸಿಕ್ಕಿಬಿದ್ದಳು. ತಾಯಿಯ ಮೇಲೆ ಮನೆ ಬಿಡಿಸುವ ಮೊಕದ್ದಮೆ ಬಂತು. ಮಗಳ ಕೋಣೆಯನ್ನು ಆಗಾಗ ಶೋಧಿಸಿದ್ದರೂ ಏನೂ ದೊರೆತಿರಲಿಲ್ಲವೆಂದು ಆಕೆ ಹೇಳಿದರು. 75 ವರ್ಷದ ಅಂಗವಿಕಲರೊಬ್ಬರ ಮನೆಯಲ್ಲಿ ಅವರ ಶುಶ್ರೂಷಕರ ಬಳಿ ಎರಡು ತಿಂಗಳಲ್ಲಿ ಮೂರು ಬಾರಿ ಅದೇ ದ್ರವ್ಯ ಸಿಕ್ಕಿತು. ಮೊದಲ ಎಚ್ಚರಿಕೆಯ ಬಳಿಕ ‘ಅರಿಯೆ’ನೆಂಬ ಮಾತು ಪೂರ್ತಿಯಾಗಿ ನಿಲ್ಲದು, ನಿಜ. 2002ರಲ್ಲಿ ಸುಪ್ರೀಂ ಕೋರ್ಟಿನ ಎಂಟೂ ನ್ಯಾಯಾಧೀಶರು, ಅರಿವಿರಲಿ ಇಲ್ಲದಿರಲಿ, ಕಾನೂನು ಹೊರಹಾಕಲು ಅವಕಾಶ ಕೊಡುತ್ತದೆಂದರು. ಹೊರಹಾಕಲೇಬೇಕೆನ್ನಲಿಲ್ಲ, ವಿವೇಚನೆಯನ್ನು ವಸತಿ ಅಧಿಕಾರಿಗಳಿಗೇ ಬಿಟ್ಟರು. ಪರರ ಆರೈಕೆಯನ್ನೇ ನೆಚ್ಚಿದ ವೃದ್ಧನಿಗೆ ಆ ಪರರ ಜೇಬು ಶೋಧಿಸುವ ಶಕ್ತಿಯಿತ್ತೆ ಎಂದು ಕೇಳಬೇಕಾದವರು ಅವರೇ.